ಗೂಗಲ್‌ನಲ್ಲಿ ಪುಟ ಕಾಣದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

"ಗೂಗಲ್‌ನಲ್ಲಿ ನಮ್ಮ ಸೈಟ್ ಬರ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳು ಇರಬಹುದು. ಗೂಗಲ್‌ಬಾಟ್‌ಗೆ (ಪುಟಗಳನ್ನು ಓದಲು ಗೂಗಲ್ ಕಳಿಸುವ ತಂತ್ರಾಂಶ) ಪುಟವನ್ನು ತಲುಪಲು ಆಗದಿರಬಹುದು. ಇದು ಕ್ರಾಲ್ ಹಂತದ ದೋಷ. ತಲುಪಿ ಓದಿದ ಮೇಲೂ ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳದಿರಬಹುದು. ಇದು ಇಂಡೆಕ್ಸ್ ಹಂತದ್ದು. ಸೇರಿಸಿಕೊಂಡೂ ಎಲ್ಲೋ ಐದನೇ ಪುಟದಲ್ಲಿ ತೋರಿಸುತ್ತಿರಬಹುದು, ಇದು ರ‍್ಯಾಂಕಿಂಗ್. ಮೂರನೆಯದರ ಮದ್ದನ್ನು ಮೊದಲನೆಯದಕ್ಕೆ ಹಚ್ಚುವವರೇ ಹೆಚ್ಚು. ರೋಬೋಟ್ಸ್ ಫೈಲಿನಲ್ಲಿ (ಏನನ್ನು ಓದಬಾರದೆಂದು ಗೂಗಲ್‌ಬಾಟ್‌ನಂಥವಕ್ಕೆ ಹೇಳುವ ಫೈಲ್) ಬಾಗಿಲು ಹಾಕಿಟ್ಟು, ಲೇಖನಕ್ಕೆ ಕೀವರ್ಡ್ ತುಂಬುತ್ತಾ ತಿಂಗಳುಗಟ್ಟಲೆ ಕೂತರೆ ಏನೂ ಆಗುವುದಿಲ್ಲ. ಆದ್ದರಿಂದ ಮೊದಲು ಪುಟ ಯಾವ ಹಂತದಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತುಮಾಡಿಕೊಳ್ಳಿ, ಆಮೇಲೆ ರಿಪೇರಿಗೆ ಕೈ ಹಾಕಿ.

ಒಂದು ಸೂಚನೆ: ಇಲ್ಲಿ ಟ್ಯಾಗ್, ಫೈಲ್, ಆಜ್ಞೆಗಳ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದೆ. ನಿಮ್ಮ ಸೈಟಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಕೈ ಹಾಕುವ ಮುನ್ನ

ಸರ್ಚ್ ಕನ್ಸೋಲ್ (ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನದೇ ಸಾಧನ) ಉಚಿತ, ಅದಿಲ್ಲದೆ ಮಾಡುವ ರೋಗನಿರ್ಣಯವೆಲ್ಲ ಬರೀ ಊಹೆ. ಅದರಲ್ಲಿ ‘ಡೊಮೇನ್’ ಬಗೆಯ ಪ್ರಾಪರ್ಟಿಯನ್ನೇ ಸೇರಿಸಿ. ಡಿಎನ್‌ಎಸ್‌ನಲ್ಲಿ (ನಿಮ್ಮ ಡೊಮೇನ್ ಹೆಸರಿನ ವಿವರಗಳ ಪಟ್ಟಿ) ಒಂದು ಟಿಎಕ್ಸ್‌ಟಿ ದಾಖಲೆ ಹಾಕಿದರೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಮತ್ತು ಇಲ್ಲದ ವಿಳಾಸ, ಸಬ್‌ಡೊಮೇನ್‌ಗಳು ಎಲ್ಲವೂ ಒಂದೇ ಕಡೆ ಕಾಣುತ್ತವೆ. ವಿಳಾಸ ಆಧಾರಿತ ಪ್ರಾಪರ್ಟಿಯಲ್ಲಿ ಒಂದು ರೂಪ ಮಾತ್ರ ಕಾಣುವುದರಿಂದ, ದೋಷ ಪಕ್ಕದ ರೂಪದಲ್ಲಿದ್ದರೆ ತಿಳಿಯುವುದೇ ಇಲ್ಲ.

ಏನನ್ನೇ ಬದಲಿಸುವ ಮೊದಲು ಸೈಟಿನ ಬ್ಯಾಕಪ್ ತೆಗೆಯಿರಿ. ರೋಬೋಟ್ಸ್ ಫೈಲ್, ಸರ್ವರ್‌ನ ಮರುನಿರ್ದೇಶನ (ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವ) ನಿಯಮಗಳು, ಸೈಟ್‌ಮ್ಯಾಪ್ (ಸೈಟಿನ ಪುಟಗಳ ವಿಳಾಸಪಟ್ಟಿ) ಇವುಗಳ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ದಿನಾಂಕ ಬರೆದಿಡಿ. ಗೂಗಲ್‌ನ ಪ್ರತಿಕ್ರಿಯೆ ಗೊತ್ತಾಗಲು ಕೆಲವು ದಿನಗಳಿಂದ ಕೆಲವು ವಾರ ಬೇಕು. ಒಂದೇ ಸಂಜೆ ಐದು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ಹೇಳಲು ಬರುವುದಿಲ್ಲ.

ಲಕ್ಷಣ 1: ಸೈಟಿನ ಹೆಸರನ್ನೇ ಹುಡುಕಿದರೂ ಏನೂ ಬರುತ್ತಿಲ್ಲ

ಗೂಗಲ್ ಹುಡುಕು ಪಟ್ಟಿಯಲ್ಲಿ ‘ಸೈಟ್’ ಎಂಬ ಪದ, ಅದಕ್ಕಂಟಿ ಕೋಲನ್, ಅದಕ್ಕಂಟಿ ನಿಮ್ಮ ಡೊಮೇನ್ ಬರೆಯಿರಿ. ನಡುವೆ ಜಾಗ ಬೇಡ. ಒಂದೂ ಫಲಿತಾಂಶ ಬರದಿದ್ದರೆ ಸೈಟ್ ಇಂಡೆಕ್ಸ್ ಆಗಿಲ್ಲದಿರುವ ಸಂಭವವೇ ಹೆಚ್ಚು. ಈ ಹುಡುಕಾಟ ಒರಟು ಅಂದಾಜು ಮಾತ್ರ. ಅಲ್ಲಿ ಕಾಣುವ ಸಂಖ್ಯೆ ನಿಮ್ಮ ಇಂಡೆಕ್ಸ್ ಆದ ಪುಟಗಳ ಲೆಕ್ಕವಲ್ಲ, ಅದು ಏರಿಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಖಚಿತ ಉತ್ತರ ಬೇಕಿದ್ದರೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ಪೂರ್ಣ ವಿಳಾಸ ಹಾಕಿ. ಮೊದಲು ಬರುವುದು ಗೂಗಲ್ ಹಿಂದೆ ನೋಡಿದಾಗಿನ ಸ್ಥಿತಿ. ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿದರೆ ಈಗಿನ ಸ್ಥಿತಿ ಸಿಗುತ್ತದೆ. ಇವೆರಡನ್ನು ಬೆರೆಸಿಕೊಂಡು ‘ಸರಿ ಮಾಡಿದೆ, ಆದರೂ ತಪ್ಪು ತೋರಿಸುತ್ತಿದೆ’ ಎಂದು ಪರದಾಡುವವರು ಬಹಳ.

ಡೊಮೇನ್ ಹೊಸದಾಗಿದ್ದು, ಬೇರೆಲ್ಲಿಂದಲೂ ಅದಕ್ಕೆ ಲಿಂಕ್ ಇಲ್ಲದಿದ್ದರೆ ದೋಷವೇ ಇಲ್ಲದಿರಬಹುದು; ಗೂಗಲ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೆ. ಸೈಟ್‌ಮ್ಯಾಪ್ ಸಲ್ಲಿಸಿ, ಮುಖಪುಟಕ್ಕೆ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಕೊಟ್ಟು ಒಂದೆರಡು ವಾರ ಬಿಡಿ. ಅದೇ ಪುಟಕ್ಕೆ ದಿನಕ್ಕೆ ಹತ್ತು ಸಲ ಆ ಬಟನ್ ಒತ್ತಿದರೆ ಸಾಲಿನಲ್ಲಿ ಮುಂದೆ ಹೋಗುವುದಿಲ್ಲ, ದಿನದ ಮಿತಿ ಮುಗಿಯುತ್ತದೆ.

ಸೈಟ್ ಹಳೆಯದಾಗಿದ್ದರೆ, ಅಥವಾ ಈಗಷ್ಟೇ ಹೊಸ ವಿನ್ಯಾಸಕ್ಕೆ ಬದಲಾಗಿದ್ದರೆ, ಮೊದಲ ಅನುಮಾನ ನೋಇಂಡೆಕ್ಸ್ ಮೇಲೆ, ಅಂದರೆ ‘ಈ ಪುಟವನ್ನು ಇಂಡೆಕ್ಸ್‌ಗೆ ಸೇರಿಸಬೇಡ’ ಎಂಬ ಸೂಚನೆಯ ಮೇಲೆ. ಪರೀಕ್ಷಾರ್ಥ ಸೈಟಿಗೆ ಹಾಕಿದ್ದ ನೋಇಂಡೆಕ್ಸ್ ತೆಗೆಯದೆಯೇ ಅದನ್ನು ಲೈವ್‌ಗೆ ತಂದಿರುತ್ತಾರೆ. ಮೂರು ಜಾಗ ನೋಡಿ:

- ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ, ಸರ್ಚ್ ಎಂಜಿನ್‌ಗಳು ಇಂಡೆಕ್ಸ್ ಮಾಡದಂತೆ ತಡೆಯುವ ಗುರುತುಚೌಕ. ಟಿಕ್ ಇದ್ದರೆ ತೆಗೆದು ಸೇವ್ ಮಾಡಿ.
- ಪುಟದ ಮೂಲಸಂಕೇತ. ಕಂಟ್ರೋಲ್ ಜೊತೆ ಯು ಒತ್ತಿ, ತೆರೆದ ಸಂಕೇತದಲ್ಲಿ ‘ನೋಇಂಡೆಕ್ಸ್’ ಪದ ಹುಡುಕಿ. ಎಸ್‌ಇಒ ಪ್ಲಗಿನ್‌ಗಳು ಪುಟಕ್ಕೊಂದರಂತೆ ಇದನ್ನು ಹಾಕಬಲ್ಲವು.
- ಸರ್ವರ್ ಪುಟದ ಜೊತೆ ಕಳಿಸುವ ಹೆಡರ್ (ಕಣ್ಣಿಗೆ ಕಾಣದ ಸೂಚನೆ). ಇದು ಮೂಲಸಂಕೇತದಲ್ಲಿ ಕಾಣುವುದಿಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿ, ಮೊದಲ ಸಾಲು ಒತ್ತಿ, ರೆಸ್ಪಾನ್ಸ್ ಹೆಡರ್‌ಗಳಲ್ಲಿ ಎಕ್ಸ್-ರೋಬೋಟ್ಸ್-ಟ್ಯಾಗ್ ಇದೆಯೇ ನೋಡಿ. ಪಿಡಿಎಫ್ ಕಡತಗಳು ಹುಡುಕಾಟದಲ್ಲಿ ಬಾರದಿದ್ದರೂ ಇದನ್ನೇ ಪರೀಕ್ಷಿಸಿ.

ನೋಇಂಡೆಕ್ಸನ್ನು ಜಾವಾಸ್ಕ್ರಿಪ್ಟ್‌ನಿಂದ ಆಮೇಲೆ ಅಳಿಸುವ ಏರ್ಪಾಡು ಮಾಡಬೇಡಿ. ಮೊದಲ ಎಚ್‌ಟಿಎಂಎಲ್‌ನಲ್ಲೇ ಅದು ಕಂಡರೆ ಗೂಗಲ್ ಸ್ಕ್ರಿಪ್ಟ್ ಓಡಿಸುವ ತನಕ ಹೋಗದೆಯೇ ಪುಟವನ್ನು ಬಿಟ್ಟುಬಿಡಬಹುದು.

ಮುಂದಿನದು ರೋಬೋಟ್ಸ್ ಫೈಲ್. ಡೊಮೇನ್ ಆದಮೇಲೆ ಒಂದು ಓರೆಗೆರೆ (/) ಹಾಕಿ ‘ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ’ ಎಂದು ಬರೆದು ತೆರೆಯಿರಿ. ಇಡೀ ಸೈಟನ್ನು ಮುಚ್ಚುವ ಎರಡು ಸಾಲು ಇವು:

ಯೂಸರ್-ಏಜೆಂಟ್: *
ಡಿಸ್‌ಅಲೋ: /

ಎರಡನೇ ಸಾಲಿನ ಕೊನೆಯ ಆ ಒಂಟಿ ಗೆರೆ ಇದ್ದರೆ ಎಲ್ಲಕ್ಕೂ ತಡೆ, ಅದಿಲ್ಲದೆ ಖಾಲಿ ಬಿಟ್ಟರೆ ಎಲ್ಲಕ್ಕೂ ಅನುಮತಿ. ಒಂದು ಅಕ್ಷರದ ವ್ಯತ್ಯಾಸ. ಇನ್ನೊಂದು ಬಲೆ: ನಿಯಮಗಳು ವಿಳಾಸದ ಆರಂಭವನ್ನು ಹೋಲಿಸುತ್ತವೆ. ‘ಡಿಸ್‌ಅಲೋ: /ಬ್ಲಾಗ್’ ಎಂದರೆ ಬ್ಲಾಗ್ ವಿಭಾಗದ ಜೊತೆಗೆ ‘/ಬ್ಲಾಗರ್ಸ್’ ಕೂಡ ಮುಚ್ಚಿಹೋಗುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಗೂಗಲ್‌ಬಾಟ್ ಹೆಸರಿಗೇ ಪ್ರತ್ಯೇಕ ಗುಂಪು ಬರೆದಿದ್ದರೆ ಅದು ಆ ಗುಂಪನ್ನಷ್ಟೇ ಪಾಲಿಸುತ್ತದೆ, ನಕ್ಷತ್ರದ ಗುಂಪಿನ ನಿಯಮಗಳನ್ನು ನೋಡುವುದಿಲ್ಲ. ಸಬ್‌ಡೊಮೇನ್‌ಗೆ ಅದರದ್ದೇ ಫೈಲ್ ಬೇಕು. ಮುಖ್ಯ ಡೊಮೇನಿನದು ಅಲ್ಲಿ ನಡೆಯುವುದಿಲ್ಲ.

ಫೈಲ್ ಇಲ್ಲವೇ ಇಲ್ಲ, 404 (ಸಿಗಲಿಲ್ಲ ಎಂಬ ಸರ್ವರ್ ಉತ್ತರ) ಬರುತ್ತಿದೆ ಎಂದರೆ ತೊಂದರೆಯಿಲ್ಲ; ಯಾವ ತಡೆಯೂ ಇಲ್ಲ ಎಂದೇ ಗೂಗಲ್ ತಿಳಿಯುತ್ತದೆ. ಆದರೆ ಆ ಫೈಲ್ ಕೇಳಿದಾಗ ಸರ್ವರ್ 500 ಅಥವಾ 503 (ಸರ್ವರ್‌ನದೇ ತೊಂದರೆ ಎಂಬ ಉತ್ತರ) ಕೊಡುತ್ತಿದ್ದರೆ ಅದು ಗಂಭೀರ: ಗೂಗಲ್ ಇಡೀ ಸೈಟಿನ ಕ್ರಾಲ್ ನಿಲ್ಲಿಸುತ್ತದೆ. ಪುಟಗಳೆಲ್ಲ ಚೆನ್ನಾಗಿ ತೆರೆದುಕೊಳ್ಳುತ್ತಿರುವಾಗ ಈ ಒಂದು ಫೈಲನ್ನು ಯಾರೂ ತೆರೆದು ನೋಡಿರುವುದಿಲ್ಲ. ತಿದ್ದಿದ ಮೇಲೂ ಒಂದು ದಿನ ಕಾಯಿರಿ. ಗೂಗಲ್ ಈ ಫೈಲಿನ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆಗಳವರೆಗೆ ಇಟ್ಟುಕೊಂಡಿರುತ್ತದೆ.

ಲಕ್ಷಣ 2: ಫಲಿತಾಂಶದಲ್ಲಿ ವಿಳಾಸ ಬರುತ್ತದೆ, ವಿವರಣೆ ಇಲ್ಲ

ಇದು ಮೇಲಿನದರ ತಲೆಕೆಳಗಾದ ರೂಪ. ಮುಚ್ಚಿಡಬೇಕೆಂದಿದ್ದ ಪುಟವೇ ಹೊರಗೆ ಬಂದಿರುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ‘ಇಂಡೆಕ್ಸ್ಡ್, ದೋ ಬ್ಲಾಕ್ಡ್ ಬೈ ರೋಬೋಟ್ಸ್’ ಎಂಬ ಸಾಲು ಸಿಗುತ್ತದೆ. ರೋಬೋಟ್ಸ್ ಫೈಲ್ ತಡೆಯುವುದು ಓದುವುದನ್ನು, ಪಟ್ಟಿಗೆ ಸೇರಿಸುವುದನ್ನಲ್ಲ. ಬೇರೆ ಸೈಟಿನ ಲಿಂಕ್‌ನಿಂದ ವಿಳಾಸ ತಿಳಿದರೆ ಒಳಗೇನಿದೆ ಎಂದು ನೋಡದೆಯೇ ಗೂಗಲ್ ಅದನ್ನು ಸೇರಿಸಬಹುದು.

ಇಲ್ಲಿ ಜನ ಮಾಡುವುದೇನೆಂದರೆ, ಪುಟಕ್ಕೆ ನೋಇಂಡೆಕ್ಸ್ ಹಾಕಿ, ರೋಬೋಟ್ಸ್ ತಡೆಯನ್ನೂ ಹಾಗೇ ಬಿಡುತ್ತಾರೆ. ಪುಟ ಓದಲು ಬಿಡದಿದ್ದರೆ ಅದರೊಳಗಿನ ನೋಇಂಡೆಕ್ಸ್ ಕಾಣುವುದಾದರೂ ಹೇಗೆ? ಮೊದಲು ತಡೆ ತೆಗೆಯಿರಿ, ನೋಇಂಡೆಕ್ಸ್ ಇರಲಿ, ಗೂಗಲ್ ಬಂದು ನೋಡಿ ಪುಟ ಬಿದ್ದುಹೋಗುವವರೆಗೆ ಕಾಯಿರಿ. ನೋಇಂಡೆಕ್ಸ್ ಸಾಲನ್ನು ರೋಬೋಟ್ಸ್ ಫೈಲಿನಲ್ಲೇ ಬರೆಯುವ ಹಳೆಯ ಸಲಹೆ ಇಂದಿಗೂ ಓಡಾಡುತ್ತಿದೆ. 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎಚ್ಚರ: ಗ್ರಾಹಕರ ವಿವರ, ಬಿಲ್ಲು, ಅಡ್ಮಿನ್ ಪುಟ ಇಂಥವು ಹೊರಬಂದಿದ್ದರೆ ಈ ಯಾವ ಟ್ಯಾಗೂ ರಕ್ಷಣೆಯಲ್ಲ. ರೋಬೋಟ್ಸ್ ಫೈಲ್ ಯಾರು ಬೇಕಾದರೂ ತೆರೆದು ಓದಬಹುದಾದ ಫೈಲ್. ಅದರಲ್ಲಿ ಗುಪ್ತ ವಿಳಾಸ ಬರೆಯುವುದೆಂದರೆ ಕೈ ಹಿಡಿದು ದಾರಿ ತೋರಿಸಿದಂತೆ. ಕೂಡಲೇ ಪಾಸ್‌ವರ್ಡ್ ಹಾಕಿ, ನಂತರ ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಬಳಸಿ. ರಿಮೂವಲ್ಸ್ ಪುಟವನ್ನು ಸುಮಾರು 6 ತಿಂಗಳು ಮರೆಮಾಡುತ್ತದೆ, ಅಳಿಸುವುದಿಲ್ಲ. ಅಲ್ಲಿ ಒಂದು ಪುಟದ ಬದಲು ‘ಈ ವಿಳಾಸದಿಂದ ಶುರುವಾಗುವ ಎಲ್ಲವೂ’ ಎಂಬುದನ್ನು ಆರಿಸಿ ಮುಖಪುಟ ಹಾಕಿದರೆ ಇಡೀ ಸೈಟ್ ಮಾಯ. ಅದನ್ನು ಒತ್ತುವ ಮುನ್ನ ಎರಡು ಸಲ ಓದಿ.

ಲಕ್ಷಣ 3: ಮುಖಪುಟ ಬರುತ್ತದೆ, ಒಳಪುಟಗಳು ಬರುವುದಿಲ್ಲ

ಪೇಜ್ ಇಂಡೆಕ್ಸಿಂಗ್ ವರದಿಯಲ್ಲಿ ಈ ಪುಟಗಳು ಯಾವ ಕಾರಣದ ಅಡಿಯಲ್ಲಿ ಬಿದ್ದಿವೆ ಎಂಬುದೇ ಮುಖ್ಯ ಸುಳಿವು. ಎರಡು ಹೆಸರುಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ, ಅರ್ಥ ಬೇರೆ.

‘ಡಿಸ್ಕವರ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದರೆ ವಿಳಾಸ ಗೊತ್ತು, ಇನ್ನೂ ಬಂದು ನೋಡಿಲ್ಲ. ಸರ್ವರ್ ನಿಧಾನವಾಗಿರಬಹುದು, ಅಥವಾ ನೋಡಲು ಯೋಗ್ಯವಲ್ಲದ ಸಾವಿರಾರು ವಿಳಾಸಗಳನ್ನು ಸೈಟೇ ಹುಟ್ಟುಹಾಕುತ್ತಿರಬಹುದು: ಫಿಲ್ಟರ್, ಸಾರ್ಟ್, ಕ್ಯಾಲೆಂಡರಿನ ‘ಮುಂದಿನ ತಿಂಗಳು’ ಕೊಂಡಿ ಅನಂತವಾಗಿ ಹೋಗುವುದು. ‘ಕ್ರಾಲ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದರೆ ಬಂದು ನೋಡಿದೆ, ಬೇಡವೆಂದು ಬಿಟ್ಟಿದೆ. ಇಲ್ಲಿ ತಾಂತ್ರಿಕ ರಿಪೇರಿಗಿಂತ ಪುಟದಲ್ಲಿ ಏನಿದೆ ಎಂಬ ಪ್ರಶ್ನೆಯೇ ದೊಡ್ಡದು. ಎರಡು ಸಾಲಿನ ಟ್ಯಾಗ್ ಪುಟ, ಬೇರೆಡೆಯಿಂದ ಎತ್ತಿದ ಉತ್ಪನ್ನ ವಿವರಣೆ, ಊರಿನ ಹೆಸರು ಮಾತ್ರ ಬದಲಿಸಿದ ಐವತ್ತು ಪುಟ ಇವೆಲ್ಲ ಈ ಬುಟ್ಟಿಗೇ ಬೀಳುವುದು. ಅವುಗಳನ್ನು ಒಂದುಗೂಡಿಸಿ ಒಂದು ಗಟ್ಟಿ ಪುಟ ಮಾಡುವುದೇ ಸರಿಯಾದ ದಾರಿ.

ಪುಟ ಚೆನ್ನಾಗಿಯೇ ಇದ್ದೂ ಈ ಪಟ್ಟಿಯಲ್ಲಿದ್ದರೆ, ಗೂಗಲ್‌ಗೆ ಕಂಡದ್ದು ನಿಮಗೆ ಕಂಡದ್ದೇ ಎಂದು ಖಚಿತಪಡಿಸಿಕೊಳ್ಳಿ. ಲೈವ್ ಟೆಸ್ಟ್ ಮಾಡಿ ‘ವ್ಯೂ ಟೆಸ್ಟೆಡ್ ಪೇಜ್’ ತೆರೆದು, ಲೇಖನದ ನಡುವಿನ ಯಾವುದಾದರೂ ಒಂದು ವಾಕ್ಯವನ್ನು ಅಲ್ಲಿನ ಎಚ್‌ಟಿಎಂಎಲ್‌ನಲ್ಲಿ ಹುಡುಕಿ. ಸಿಗದಿದ್ದರೆ ಜಾವಾಸ್ಕ್ರಿಪ್ಟ್ ದೋಷ. ಗೂಗಲ್‌ಬಾಟ್ ಸ್ಕ್ರಿಪ್ಟ್ ಓಡಿಸುತ್ತದೆ, 2019ರಿಂದ ಹೊಸ ಕ್ರೋಮಿಯಂ ಆವೃತ್ತಿಗಳನ್ನೇ ಬಳಸುತ್ತಿದೆ. ಆದರೆ ಅದು ಬಟನ್ ಒತ್ತುವುದಿಲ್ಲ, ಸ್ಕ್ರಾಲ್ ಮಾಡುವುದಿಲ್ಲ, ಲಾಗಿನ್ ಆಗುವುದಿಲ್ಲ. ‘ಇನ್ನಷ್ಟು ಓದಿ’ ಒತ್ತಿದ ಮೇಲೆ ಸರ್ವರ್‌ನಿಂದ ಬರುವ ಪಠ್ಯ ಅದರ ಪಾಲಿಗೆ ಇಲ್ಲವೇ ಇಲ್ಲ. ಸ್ಕ್ರಿಪ್ಟ್ ಫೈಲುಗಳಿರುವ ಫೋಲ್ಡರನ್ನೇ ರೋಬೋಟ್ಸ್‌ನಲ್ಲಿ ಮುಚ್ಚಿದ್ದರೂ ಪುಟ ಬೋಳಾಗಿಯೇ ಕಾಣುತ್ತದೆ.

ಲಿಂಕ್‌ಗಳನ್ನೂ ನೋಡಿ. ಎ ಟ್ಯಾಗ್, ಅದರಲ್ಲಿ ಎಚ್‌ರೆಫ್, ಅದರಲ್ಲಿ ನಿಜವಾದ ವಿಳಾಸ: ಹೀಗಿದ್ದರೆ ಮಾತ್ರ ಅದು ಲಿಂಕ್. ಆನ್‌ಕ್ಲಿಕ್ ಇರುವ ಡಿವ್ ಬೆರಳಿಗೆ ಲಿಂಕ್, ಗೂಗಲ್‌ಗೆ ಬರೀ ಡಬ್ಬಿ. ಹ್ಯಾಶ್ ಚಿಹ್ನೆಯ ನಂತರದ ಭಾಗದಿಂದ ಪುಟ ಬದಲಿಸುವ ಸೈಟುಗಳಲ್ಲಿ ಗೂಗಲ್‌ಗೆ ಎಲ್ಲವೂ ಒಂದೇ ಪುಟ. ಮುಖಪುಟದಿಂದ ಮೂರ್ನಾಲ್ಕು ಕ್ಲಿಕ್‌ನಲ್ಲಿ ತಲುಪಲಾಗದ, ಸೈಟ್‌ಮ್ಯಾಪ್‌ನಲ್ಲಿ ಮಾತ್ರ ಇರುವ ಪುಟವನ್ನು ಗೂಗಲ್ ಅನಾಥ ಎಂದೇ ಬಗೆಯುತ್ತದೆ.

ಸೈಟ್‌ಮ್ಯಾಪ್ ವಿಚಾರ ಬೇಗ ಮುಗಿಯುತ್ತದೆ. ಒಂದು ಫೈಲಿಗೆ 50,000 ವಿಳಾಸ ಅಥವಾ ಸಂಕುಚಿಸದೆ 50 ಎಂಬಿ ಮಿತಿ. 200 (ಎಲ್ಲ ಸರಿ ಎಂಬ ಸರ್ವರ್ ಉತ್ತರ) ಕೊಡುವ, ಇಂಡೆಕ್ಸ್ ಆಗಬೇಕಾದ ವಿಳಾಸಗಳಷ್ಟೇ ಇರಲಿ. ಅದರಲ್ಲಿನ ಪ್ರಯಾರಿಟಿ (ಪುಟದ ಆದ್ಯತೆ), ಚೇಂಜ್‌ಫ್ರೀಕ್ (ಎಷ್ಟು ಸಲ ಬದಲಾಗುತ್ತದೆ) ಎಂಬವನ್ನು ಗೂಗಲ್ ನೋಡುವುದಿಲ್ಲ. ಲಾಸ್ಟ್‌ಮಾಡ್ (ಪುಟ ಕೊನೆಗೆ ಬದಲಾದ ದಿನಾಂಕ) ನೋಡುತ್ತದೆ, ಆದರೆ ಪ್ರತಿದಿನ ಎಲ್ಲ ಪುಟಕ್ಕೂ ಇವತ್ತಿನ ದಿನಾಂಕ ಹಾಕುವ ಸೈಟನ್ನು ನಂಬುವುದನ್ನು ಬಿಡುತ್ತದೆ.

ಲಕ್ಷಣ 4: ಪುಟ ಬರುತ್ತದೆ, ಬೇರೆ ವಿಳಾಸದಲ್ಲಿ

ವಿಳಾಸ ಪಟ್ಟಿಯಲ್ಲಿ ನಾಲ್ಕು ರೂಪ ಬರೆದು ನೋಡಿ: ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಎರಡಕ್ಕೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸಹಿತ ಮತ್ತು ರಹಿತ. ಮೂರು ರೂಪಗಳು ಒಂದೇ ಜಿಗಿತದಲ್ಲಿ, 301ರ (ಶಾಶ್ವತ ಮರುನಿರ್ದೇಶನ) ಮೂಲಕ, ನಾಲ್ಕನೆಯದಕ್ಕೆ ಬರಬೇಕು. ಎರಡು ರೂಪ ತಂತಾನೇ ತೆರೆದು ನಿಂತರೆ ನಿಮ್ಮ ಸೈಟ್ ಗೂಗಲ್ ಪಾಲಿಗೆ ಅವಳಿ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿಯಾಗಿ ಜಿಗಿಯುತ್ತಿದ್ದರೆ ಕತ್ತರಿಸಿ ನೇರ ಮಾಡಿ. ಗೂಗಲ್‌ಬಾಟ್ ಒಂದು ಸಲಕ್ಕೆ ಹಿಂಬಾಲಿಸುವುದು 10 ಜಿಗಿತ. ನಿಯಮ ಸರಿ ಎಂದು ಖಾತ್ರಿಯಾಗುವವರೆಗೆ 302 (ತಾತ್ಕಾಲಿಕ ಮರುನಿರ್ದೇಶನ) ಇಟ್ಟು ಪರೀಕ್ಷಿಸಿ, ನಂತರ 301 ಮಾಡಿ. ತಪ್ಪಾದ 301 ಅನ್ನು ಬ್ರೌಸರ್‌ಗಳು ನೆನಪಿಟ್ಟುಕೊಳ್ಳುತ್ತವೆ. ನೀವು ತಿದ್ದಿದ ಮೇಲೂ ಹಳೆಯ ಭೇಟಿಗಾರರು ತಪ್ಪು ಜಾಗಕ್ಕೇ ಹೋಗುತ್ತಿರುತ್ತಾರೆ.

ಆಮೇಲೆ ಕ್ಯಾನೊನಿಕಲ್, ಅಂದರೆ ಒಂದೇ ಪುಟದ ಹಲವು ವಿಳಾಸಗಳಲ್ಲಿ ಯಾವುದು ಮುಖ್ಯ ಎಂದು ಹೇಳುವ ಟ್ಯಾಗ್. ಇನ್‌ಸ್ಪೆಕ್ಷನ್‌ನಲ್ಲಿ ‘ಬಳಕೆದಾರ ಘೋಷಿಸಿದ’ ಮತ್ತು ‘ಗೂಗಲ್ ಆರಿಸಿದ’ ಎಂಬ ಎರಡು ಕ್ಯಾನೊನಿಕಲ್ ಕಾಣುತ್ತವೆ. ಇವು ಬೇರೆಯಾಗಿದ್ದರೆ ನಿಮ್ಮ ಸೂಚನೆಯನ್ನು ಗೂಗಲ್ ಒಪ್ಪಿಲ್ಲ. ಈ ಟ್ಯಾಗ್ ಸಲಹೆ ಅಷ್ಟೇ, ಆಜ್ಞೆಯಲ್ಲ. ಟ್ಯಾಗ್ ಒಂದು ವಿಳಾಸ ಹೇಳಿ, ಸೈಟ್‌ಮ್ಯಾಪ್ ಇನ್ನೊಂದು ಹೇಳಿ, ಮೆನುವಿನ ಲಿಂಕ್ ಮೂರನೆಯದಕ್ಕೆ ಹೋದರೆ ಗೂಗಲ್ ತನಗೆ ತೋಚಿದ್ದನ್ನು ಆರಿಸುತ್ತದೆ. ಮೂರೂ ಒಂದೇ ಮಾತು ಹೇಳಬೇಕು. ಥೀಮಿನ ತಪ್ಪಿನಿಂದ ಎಲ್ಲ ಪುಟಗಳ ಕ್ಯಾನೊನಿಕಲ್ ಮುಖಪುಟವನ್ನೇ ತೋರಿಸುವುದೂ ಉಂಟು. ಒಳಪುಟಗಳು ಒಟ್ಟಿಗೇ ಉದುರಿದ್ದರೆ ಇದನ್ನೇ ಮೊದಲು ನೋಡಿ.

ಟ್ಯಾಗ್ ಮೂಲಸಂಕೇತದಲ್ಲಿ ಸರಿಯಾಗಿಯೇ ಇದೆ, ಆದರೆ ಗೂಗಲ್‌ಗೆ ‘ನನ್’ (ಯಾವುದೂ ಇಲ್ಲ) ಎಂದು ಕಾಣುತ್ತಿದೆ ಎಂದಾದರೆ ಹೆಡ್ ಭಾಗ (ಸಂಕೇತದ ಮೊದಲ, ತೆರೆಯ ಮೇಲೆ ಕಾಣದ ಭಾಗ) ಒಡೆದಿರಬಹುದು. ಹೆಡ್ ಒಳಗೆ ಇರಬಾರದ ಟ್ಯಾಗ್, ಉದಾಹರಣೆಗೆ ಯಾವುದೋ ಟ್ರ್ಯಾಕಿಂಗ್ ಸಂಕೇತದ ಜೊತೆ ಬಂದ ಚಿತ್ರ ಅಥವಾ ಡಿವ್, ಸೇರಿಕೊಂಡರೆ ಬ್ರೌಸರ್ ‘ಹೆಡ್ ಇಲ್ಲಿಗೆ ಮುಗಿಯಿತು’ ಎಂದುಕೊಳ್ಳುತ್ತದೆ. ಅದರ ಕೆಳಗಿದ್ದದ್ದೆಲ್ಲ ‘ಬಾಡಿ’ ಎಂಬ ಮುಂದಿನ ಭಾಗಕ್ಕೆ ಜಾರುತ್ತದೆ. ಬಾಡಿಯಲ್ಲಿರುವ ಕ್ಯಾನೊನಿಕಲ್ ಲೆಕ್ಕಕ್ಕಿಲ್ಲ. ಮೂಲಸಂಕೇತ ನೋಡಿದರೆ ಇದು ತಿಳಿಯುವುದಿಲ್ಲ. ಡೆವಲಪರ್ ಟೂಲ್ಸ್‌ನ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಹೆಡ್ ಮಡಚಿ, ಟ್ಯಾಗ್ ಒಳಗಿದೆಯೋ ಹೊರಗಿದೆಯೋ ನೋಡಿ. ತಾತ್ಕಾಲಿಕ ಪರಿಹಾರ: ಕ್ಯಾನೊನಿಕಲ್ ಮತ್ತು ಎಚ್‌ರೆಫ್‌ಲ್ಯಾಂಗ್ (ಪುಟದ ಬೇರೆ ಭಾಷೆಯ ರೂಪಗಳನ್ನು ತಿಳಿಸುವ) ಸಾಲುಗಳನ್ನು ಹೆಡ್‌ನ ಮೇಲ್ತುದಿಗೆ ತನ್ನಿ.

ಎಚ್‌ರೆಫ್‌ಲ್ಯಾಂಗ್ ಬಗ್ಗೆ ಒಂದು ಮಾತು. ಕನ್ನಡದ ಸಂಕೇತ ‘ಕೆ’ ಮತ್ತು ‘ಎನ್’. ಹೆಸರಿನ ಮೊದಲೆರಡು ಅಕ್ಷರ ಎಂದು ‘ಕೆ’, ‘ಎ’ ಬರೆದರೆ ಅದು ಜಾರ್ಜಿಯನ್ ಭಾಷೆ. ಕನ್ನಡ ಪುಟ ಇಂಗ್ಲಿಷ್ ಪುಟವನ್ನು ತೋರಿಸಿದರೆ ಸಾಲದು, ಇಂಗ್ಲಿಷ್ ಪುಟವೂ ತಿರುಗಿ ಕನ್ನಡದ್ದನ್ನು ತೋರಿಸಬೇಕು. ಇಲ್ಲದಿದ್ದರೆ ಎರಡೂ ವ್ಯರ್ಥ.

ಲಕ್ಷಣ 5: ಕಣ್ಣಿಗೆ ಕನ್ನಡ ಕಾಣುತ್ತದೆ, ಕನ್ನಡದಲ್ಲಿ ಹುಡುಕಿದರೆ ಸಿಗದು

ಪುಟದ ಒಂದು ವಾಕ್ಯ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವೇ ಬಂದರೆ ಯುನಿಕೋಡ್ (ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ಪದ್ಧತಿ). ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬಂದರೆ ಅದು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು. ಫಾಂಟ್ ಎಂಬ ವೇಷ ಕನ್ನಡದ್ದು, ಒಳಗಿರುವುದು ಗೋಜಲು. ಗೂಗಲ್ ಓದುವುದು ಒಳಗಿರುವುದನ್ನು. ಹಳೆಯ ಪಿಡಿಎಫ್ ಸಂಗ್ರಹಗಳಲ್ಲಿ ಇದು ಧಾರಾಳ. ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಆದರೆ ಕಣ್ಣು ಮುಚ್ಚಿ ಪ್ರಕಟಿಸಬೇಡಿ: ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದು ಇಲ್ಲೇ. ಶೀರ್ಷಿಕೆಯನ್ನು ಚಿತ್ರವಾಗಿ ಹಾಕಿದ್ದರೆ ಅದನ್ನು ಪಠ್ಯವಾಗಿಸಿ.

ವಿಳಾಸದಲ್ಲೇ ಕನ್ನಡ ಇದ್ದರೆ ಇನ್ನೊಂದು ಸೂಕ್ಷ್ಮ. ಯುಟಿಎಫ್-8ರಲ್ಲಿ (ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ (ಅರ್ಧಾಕ್ಷರದ ಚಿಹ್ನೆ), ನ, ಡ ಎಂದು 5 ಸಂಕೇತ. ವಿಳಾಸದಲ್ಲಿ ಅದು 45 ಅಕ್ಷರ. ಉದ್ದ ಶೀರ್ಷಿಕೆಯನ್ನು ಹಾಗೇ ವಿಳಾಸ ಮಾಡಿದರೆ ಎಲ್ಲೋ ನಡುವೆ ತುಂಡಾಗಿ 404 ಹುಟ್ಟುತ್ತದೆ. ಅದಕ್ಕಿಂತ ತಲೆ ತಿನ್ನುವುದು ‘ಕೊ’ದಂಥ ಅಕ್ಷರ. ಒಂದು ಕೀಲಿಮಣೆ ಒಕಾರವನ್ನು ಒಂದೇ ಸಂಕೇತವಾಗಿ ಬರೆದರೆ, ಇನ್ನೊಂದು ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಿಯಾಗಿ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಸರ್ವರ್‌ಗೆ ಎರಡು ಬೇರೆ ವಿಳಾಸ. ‘ಅದೇ ಲಿಂಕ್, ಒಂದು ಕಡೆ ತೆರೆಯುತ್ತದೆ, ಇನ್ನೊಂದು ಕಡೆ ಇಲ್ಲ’ ಎಂದರೆ ಎರಡನ್ನೂ ಶೇಕಡಾ ರೂಪದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಿ. ನಿತ್ಯದ ಬಳಕೆಗೆ, ಇಂಗ್ಲಿಷ್ ಅಕ್ಷರಗಳ ಚಿಕ್ಕ ವಿಳಾಸ, ಒಳಗೆ ಪೂರ್ತಿ ಕನ್ನಡ ಎಂಬ ಏರ್ಪಾಡೇ ಕಡಿಮೆ ತಲೆನೋವು. ಆದರೆ ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಕನ್ನಡ ವಿಳಾಸಗಳನ್ನು ಇದಕ್ಕಾಗಿ ಬದಲಿಸಬೇಡಿ.

ಲಕ್ಷಣ 6: ಚೆನ್ನಾಗಿದ್ದ ಭೇಟಿ ಇದ್ದಕ್ಕಿದ್ದಂತೆ ಕುಸಿದಿದೆ

ಮೊದಲು ಕುಸಿತ ನಿಜವೇ ನೋಡಿ. ಅನಾಲಿಟಿಕ್ಸ್‌ನಲ್ಲಿ (ಸೈಟಿನೊಳಗೆ ಭೇಟಿ ಎಣಿಸುವ ಸಾಧನ) ಬಿದ್ದಿದೆ, ಸರ್ಚ್ ಕನ್ಸೋಲ್‌ನ ಕ್ಲಿಕ್‌ಗಳು ಹಾಗೇ ಇವೆ ಎಂದರೆ ಬಿದ್ದದ್ದು ಎಣಿಕೆಯ ಸಂಕೇತ, ಭೇಟಿ ಅಲ್ಲ. ಕೊನೆಯ ಎರಡು ಮೂರು ದಿನಗಳ ಅಂಕಿ ಪೂರ್ತಿ ಬಂದಿರುವುದಿಲ್ಲ, ಅದನ್ನು ಕುಸಿತವೆಂದು ಓದಬೇಡಿ. ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಮಾಹಿತಿ ಇರುತ್ತದೆ. ಹಿಂದಿನ ವರ್ಷದ ಇದೇ ದಿನಗಳ ಜೊತೆ ಹೋಲಿಸಿದರೆ ಋತುಮಾನದ ಏರಿಳಿತ ಬಯಲಾಗುತ್ತದೆ.

ಇಂಪ್ರೆಷನ್ (ಫಲಿತಾಂಶದಲ್ಲಿ ಕಾಣಿಸಿಕೊಂಡ ಸಲ) ಮತ್ತು ಕ್ಲಿಕ್ ಎರಡೂ ಒಂದೇ ದಿನ ಕಡಿದಂತೆ ಬಿದ್ದಿದ್ದರೆ ತಾಂತ್ರಿಕ ಕಾರಣವನ್ನು ಮೊದಲು ಶಂಕಿಸಿ. ಆ ದಿನ ಯಾರು ಏನು ಬದಲಿಸಿದರು ಎಂದು ವಿಚಾರಿಸಿ. ವಾರಗಟ್ಟಲೆ ಜಾರುತ್ತಾ ಬಂದಿದ್ದರೆ ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಆ ಅವಧಿಯಲ್ಲಿ ರ‍್ಯಾಂಕಿಂಗ್ ಪದ್ಧತಿಯ ಅಪ್‌ಡೇಟ್ ಇದೆಯೇ ನೋಡಿ. ಅಪ್‌ಡೇಟ್ ನಡೆಯುತ್ತಿರುವಾಗ ಸೈಟ್ ಕೆದಕಬೇಡಿ, ಮುಗಿಯಲಿ.

ಸೈಟ್ ಸ್ಥಳಾಂತರದ ನಂತರ ಬಿದ್ದಿದ್ದರೆ ಹಳೆಯ ವಿಳಾಸಗಳ ಪಟ್ಟಿ ತೆಗೆದು ಇಪ್ಪತ್ತನ್ನು ಕೈಯಾರೆ ತೆರೆಯಿರಿ. ಪ್ರತಿಯೊಂದೂ ತನ್ನ ಸರಿಸಾಟಿ ಹೊಸ ಪುಟಕ್ಕೆ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದ್ದರೆ ಗೂಗಲ್ ಅವನ್ನು ಸಾಫ್ಟ್ 404 (ತೆರೆದರೂ ಇಲ್ಲದಂತೆಯೇ ಲೆಕ್ಕದ ಪುಟ) ಎಂದು ಕಡೆಗಣಿಸಬಹುದು. ಮರುನಿರ್ದೇಶನಗಳನ್ನು ಕನಿಷ್ಠ 1 ವರ್ಷ ಉಳಿಸಿ. ಡೊಮೇನ್ ಬದಲಾಗಿದ್ದರೆ ಸರ್ಚ್ ಕನ್ಸೋಲ್‌ನ ಚೇಂಜ್ ಆಫ್ ಅಡ್ರೆಸ್ ಬಳಸಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋಗಲು ಅದು ಬೇಡ.

ಯಾರೂ ಏನೂ ಬದಲಿಸಿಲ್ಲ ಎಂದಾದರೆ ಸರ್ಚ್ ಕನ್ಸೋಲ್‌ನ ಕ್ರಾಲ್ ಸ್ಟ್ಯಾಟ್ಸ್ ತೆರೆಯಿರಿ. 5ರಿಂದ ಶುರುವಾಗುವ ಉತ್ತರಗಳು ಏರಿದ್ದರೆ ಸರ್ವರ್ ಏದುಸಿರು ಬಿಡುತ್ತಿದೆ. 403 (ಪ್ರವೇಶವಿಲ್ಲ) ಏರಿದ್ದರೆ ಫೈರ್‌ವಾಲ್ ಅಥವಾ ಸಿಡಿಎನ್ (ಸೈಟಿನ ಪ್ರತಿಯನ್ನು ಹಲವು ಕಡೆಯ ಸರ್ವರ್‌ಗಳಿಂದ ಕೊಡುವ ಸೇವೆ) ಗೂಗಲ್‌ಬಾಟನ್ನೇ ಕಳ್ಳನೆಂದು ತಡೆಯುತ್ತಿದೆ. ಗೂಗಲ್‌ಬಾಟ್ ಹೆಚ್ಚಾಗಿ ಅಮೆರಿಕದ ಐಪಿಗಳಿಂದ ಬರುವುದರಿಂದ, ವಿದೇಶಿ ಭೇಟಿಯನ್ನೆಲ್ಲ ತಡೆಯುವ ನಿಯಮ ಹಾಕಿದರೆ ನಿಮಗೆ ಸೈಟ್ ತೆರೆಯುತ್ತದೆ, ಗೂಗಲ್‌ಗೆ ತೆರೆಯುವುದಿಲ್ಲ. ಆದರೆ ‘ಗೂಗಲ್‌ಬಾಟ್’ ಎಂದು ಹೆಸರು ಹೇಳಿದವರಿಗೆಲ್ಲ ಬಾಗಿಲು ತೆರೆಯಬೇಡಿ, ಆ ಹೆಸರನ್ನು ಯಾರು ಬೇಕಾದರೂ ಹೇಳಬಹುದು. ಐಪಿಯನ್ನು ರಿವರ್ಸ್ ಡಿಎನ್‌ಎಸ್‌ನಲ್ಲಿ ನೋಡಿ, ಬಂದ ಹೆಸರು ಗೂಗಲ್‌ನ ಡೊಮೇನಿನದೇ ಎಂದು ಖಚಿತಪಡಿಸಿಕೊಳ್ಳಿ, ಅದನ್ನು ಮತ್ತೆ ಐಪಿಗೆ ತಿರುಗಿಸಿ, ಎರಡೂ ತಾಳೆಯಾದರೆ ಮಾತ್ರ ಒಳಗೆ ಬಿಡಿ. ದುರಸ್ತಿಗೆ ಸೈಟ್ ನಿಲ್ಲಿಸುವುದಾದರೆ 503 ಕೊಡಿ. ‘ಶೀಘ್ರದಲ್ಲೇ ಬರುತ್ತೇವೆ’ ಎಂಬ ಫಲಕವನ್ನು 200ರ ಜೊತೆ ತೋರಿಸಿದರೆ ನಿಮ್ಮ ಲೇಖನದ ಜಾಗದಲ್ಲಿ ಆ ಫಲಕವೇ ಇಂಡೆಕ್ಸ್ ಆಗುತ್ತದೆ. 503 ಕೂಡ ಒಂದೆರಡು ದಿನಕ್ಕಿಂತ ಹೆಚ್ಚು ಬೇಡ.

ಇಲ್ಲಿ ನಿಲ್ಲಿಸಬೇಕಾದ ಗುರುತುಗಳು ಇವು. ಸರ್ಚ್ ಕನ್ಸೋಲ್‌ನ ಸೆಕ್ಯುರಿಟಿ ಇಷ್ಯೂಸ್ ಅಥವಾ ಮ್ಯಾನುಯಲ್ ಆಕ್ಷನ್ಸ್‌ನಲ್ಲಿ (ಗೂಗಲ್ ಸಿಬ್ಬಂದಿ ಹಾಕಿದ ದಂಡನೆ) ಏನಾದರೂ ಬರೆದಿರುವುದು. ‘ಸೈಟ್’ ಹುಡುಕಾಟದಲ್ಲಿ ನೀವು ಬರೆಯದ ಜಪಾನಿ ಅಕ್ಷರಗಳ ಪುಟ, ಔಷಧಿ, ಜೂಜಿನ ಪುಟಗಳು. ವಿಳಾಸ ಬರೆದು ತೆರೆದರೆ ಸರಿಯಿದ್ದು, ಗೂಗಲ್‌ನಿಂದ ಬಂದರೆ ಬೇರೆಲ್ಲಿಗೋ ಹಾರುವುದು. ಸರ್ಚ್ ಕನ್ಸೋಲ್‌ನಲ್ಲಿ ಗೊತ್ತಿಲ್ಲದ ಮಾಲೀಕ. ಹೀಗಿದ್ದರೆ ಸೈಟನ್ನು ಯಾರೋ ಹ್ಯಾಕ್ ಮಾಡಿರಬಹುದು. ಕೆಟ್ಟ ಪುಟಗಳನ್ನು ಅಳಿಸಿ ನಿಟ್ಟುಸಿರು ಬಿಡಬೇಡಿ. ಒಳಬಂದ ದಾರಿ ಮುಚ್ಚದಿದ್ದರೆ ರಾತ್ರಿಯೇ ಮತ್ತೆ ಹುಟ್ಟುತ್ತವೆ. ಸೈಟನ್ನು ತಾತ್ಕಾಲಿಕವಾಗಿ ಕೆಳಗಿಳಿಸಿ, ಈಗಿನ ಫೈಲ್ ಮತ್ತು ಲಾಗ್‌ಗಳ ಪ್ರತಿ ಸಾಕ್ಷಿಗೆ ಇಟ್ಟುಕೊಳ್ಳಿ, ಹೋಸ್ಟಿಂಗ್, ಡೇಟಾಬೇಸ್, ಎಫ್‌ಟಿಪಿ, ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಬೇರೆ ಸ್ವಚ್ಛ ಕಂಪ್ಯೂಟರಿನಿಂದ ಬದಲಿಸಿ, ಭದ್ರತೆ ಬಲ್ಲವರನ್ನು ಕರೆಯಿರಿ. ಪೂರ್ತಿ ಶುಚಿಯಾದ ಮೇಲೆ ಮರುಪರಿಶೀಲನೆಗೆ ಕೋರಿ.

ಲಕ್ಷಣ 7: ಪುಟ ನಿಧಾನ, ವರದಿಯಲ್ಲಿ ಕೆಂಪು

ಸರ್ಚ್ ಕನ್ಸೋಲ್‌ನ ಕೋರ್ ವೆಬ್ ವೈಟಲ್ಸ್ ವರದಿಯ ಮೂರು ಅಳತೆಗಳ ಹಸಿರು ಗೆರೆ: ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ) 2.5 ಸೆಕೆಂಡಿನೊಳಗೆ, ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಸಮಯ) 200 ಮಿಲಿಸೆಕೆಂಡಿನೊಳಗೆ, ಸಿಎಲ್‌ಎಸ್ (ಪುಟದ ಭಾಗಗಳು ತಾವಾಗಿ ಜರುಗುವ ಪ್ರಮಾಣ) 0.1ರೊಳಗೆ. 100 ಭೇಟಿಗಳಲ್ಲಿ 75ಕ್ಕಾದರೂ ಹೀಗಿರಬೇಕು. ಐಎನ್‌ಪಿ 2024ರ ಮಾರ್ಚ್ 12ರಂದು ಎಫ್‌ಐಡಿ ಎಂಬ ಹಳೆಯ ಅಳತೆಯ ಜಾಗಕ್ಕೆ ಬಂತು. ಇನ್ನೂ ಎಫ್‌ಐಡಿ ಬಗ್ಗೆ ಹೇಳುವ ಸಲಹೆ ಹಳತು.

ಎಲ್‌ಸಿಪಿ ಕೆಟ್ಟಿದ್ದರೆ ಮೇಲ್ಭಾಗದ ದೊಡ್ಡ ಚಿತ್ರ ನೋಡಿ. 4000 ಪಿಕ್ಸೆಲ್ ಅಗಲದ ಕ್ಯಾಮೆರಾ ಚಿತ್ರವನ್ನು ಮೊಬೈಲ್‌ಗೆ ಹಾಗೇ ಕಳಿಸುತ್ತಿರಬಹುದು, ಅಥವಾ ಆ ಮೊದಲ ಚಿತ್ರಕ್ಕೇ ಲೇಜಿ ಲೋಡಿಂಗ್ (ಬೇಕಾಗುವವರೆಗೆ ಚಿತ್ರ ತರದಿರುವ ಏರ್ಪಾಡು) ಹಾಕಿರಬಹುದು. ಲೇಜಿ ಕೆಳಗಿನ ಚಿತ್ರಗಳಿಗೆ ಮಾತ್ರ. ಸಿಎಲ್‌ಎಸ್‌ಗೆ ಚಿತ್ರ ಮತ್ತು ಜಾಹೀರಾತಿಗೆ ಅಗಲ, ಎತ್ತರ ಬರೆದು ಜಾಗ ಕಾದಿರಿಸಿದರೆ ಅರ್ಧ ಕೆಲಸ ಮುಗಿಯಿತು. ಐಎನ್‌ಪಿಗೆ ಬೇಡದ ಸ್ಕ್ರಿಪ್ಟ್ ಕಿತ್ತುಹಾಕುವುದೇ ಮದ್ದು, ಚಾಟ್ ಡಬ್ಬಿಯಿಂದ ಶುರುಮಾಡಿ. ವರದಿಯ ಅಂಕಿ 28 ದಿನಗಳದ್ದಾದ್ದರಿಂದ ಮರುದಿನವೇ ಹಸಿರಾಗುವುದಿಲ್ಲ. ಪುಟ ಇಂಡೆಕ್ಸ್‌ನಿಂದ ಬೀಳುವುದು ಈ ಅಳತೆಗಳಿಂದಲ್ಲ. ಮೇಲಿನ ದೋಷಗಳು ಇರುವಾಗ ವೇಗ ಪರೀಕ್ಷೆಯ 90 ಅಂಕವನ್ನು 100 ಮಾಡಲು ಹಣ ಸುರಿಯಬೇಡಿ.

ಬೇರೆಯವರಿಗೆ ಒಪ್ಪಿಸುವಾಗ

ಸರ್ವರ್ ಲಾಗ್ ಓದಬೇಕಾದಾಗ, ಸಾವಿರಾರು ವಿಳಾಸಗಳ ಸ್ಥಳಾಂತರ ಇದ್ದಾಗ, ಸರ್ವರ್ ಕಡೆಯ ರೆಂಡರಿಂಗ್ (ಪುಟವನ್ನು ಸರ್ವರ್‌ನಲ್ಲೇ ಪೂರ್ತಿ ಸಿದ್ಧಮಾಡಿ ಕಳಿಸುವುದು) ಬೇಕಾದಾಗ ಬಲ್ಲವರ ಸಹಾಯ ಪಡೆಯಿರಿ. ಕುಸಿತ ಶುರುವಾದ ದಿನಾಂಕ, ತೊಂದರೆಯ ಮೂರು ವಿಳಾಸ, ಸರಿಯಿರುವ ಒಂದು ವಿಳಾಸ, ನಾಲ್ಕಕ್ಕೂ ಇನ್‌ಸ್ಪೆಕ್ಷನ್ ಫಲಿತಾಂಶ, ನಿಮ್ಮ ಬದಲಾವಣೆಗಳ ಪಟ್ಟಿ ಇಷ್ಟು ಕೊಟ್ಟರೆ ಅವರ ಅರ್ಧ ಸಮಯ ಉಳಿಯುತ್ತದೆ. ಮೊದಲ ಸ್ಥಾನ ಖಾತ್ರಿ ಎನ್ನುವವರನ್ನು ಅಲ್ಲೇ ಬಿಡಿ, ಆ ಖಾತ್ರಿ ಕೊಡಲು ಯಾರಿಗೂ ಸಾಧ್ಯವಿಲ್ಲ. ನಿಮ್ಮ ಗೂಗಲ್ ಪಾಸ್‌ವರ್ಡ್ ಕೊಡಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ಬಳಕೆದಾರರಾಗಿ ಸೇರಿಸಿ, ಮಾಲೀಕತ್ವ ಕೊಡಬೇಡಿ. ಅವರು ಮಾಲೀಕರಾಗಿ ದೃಢೀಕರಿಸಿಕೊಂಡಿದ್ದರೆ, ಕೆಲಸ ಮುಗಿದ ಮೇಲೆ ಹೆಸರು ತೆಗೆದರೆ ಸಾಲದು. ಅವರು ಹಾಕಿದ ದೃಢೀಕರಣ ಫೈಲ್, ಟ್ಯಾಗ್ ಅಥವಾ ಡಿಎನ್‌ಎಸ್ ದಾಖಲೆಯನ್ನೂ ಅಳಿಸಿ. ಅದು ಉಳಿದಿದ್ದರೆ ಅವರು ಯಾವಾಗ ಬೇಕಾದರೂ ಮತ್ತೆ ಮಾಲೀಕರಾಗಬಹುದು.